ಅನಾರಸದ ಹಸಿ ಹಿಟ್ಟು

ಅನಾರಸದ ಹಿಟ್ಟನ್ನು ಹಸಿಯಾಗಿ ತಿಂದವರಿಗೆ ಕರಿದ ಅನಾರಸ ಅಷ್ಟಾಗಿ ರುಚಿಸುವುದಿಲ್ಲ. ಮೂರು ದಿನ ನೆನೆದ ಅಕ್ಕಿ, ಜೊತೆಗೆ ಬೆಲ್ಲ, ಮೇಲಿಷ್ಟು ಹುಳಿ ಹತ್ತಿದ ವಾಸನೆ. ನಾನು ಚಿಕ್ಕವಳಿದ್ದಾಗಿನಿಂದಲೂ ಅದನ್ನು ಕದ್ದು ತಿನ್ನುತ್ತಿದ್ದೆ, ಸಿಕ್ಕಿಬಿದ್ದು ಏಟನ್ನೂ ತಿನ್ನುತ್ತಿದ್ದೆ. ಹದಿನೆಂಟು ತುಂಬಿದ ವರ್ಷ ಆ ಹಿಟ್ಟಿನ ಒಂದು ಉಂಡೆಯನ್ನು ನನ್ನ ಗಂಡನ ಕೈಯಲ್ಲಿಟ್ಟೆ. ಅದಾದ ಮೇಲೆ ನಾನು ಅನಾರಸವನ್ನು ಬಾಯಿಗಿಟ್ಟಿಲ್ಲ, ನನ್ನ ಅಡುಗೆಮನೆಯಲ್ಲಿ ಮಾಡಲು ಯಾರಿಗೂ ಬಿಟ್ಟಿಲ್ಲ. ಸೊಸೆಯಂದಿರು ಇದನ್ನು ಮುದುಕಿಯ ಹಟ ಎಂದುಕೊಂಡಿದ್ದಾರೆ, ಇರಲಿ.

ಜರ್ಮನಿಯ ಮೊದಲ ಯುದ್ಧ ಮುಗಿದು ಆಗ ಹತ್ತು ವರ್ಷವಾಗಿತ್ತು. ನಾವು ಖಾನಾಪುರದಲ್ಲಿದ್ದೆವು. ಅಪ್ಪ ಕಟ್ಟಿಗೆ ಡಿಪೋದಲ್ಲಿ ಕಾರಕೂನರು. ಯುದ್ಧದ ಕೊನೆಗೆ ಊರೂರಿಗೆ ಬಂದ ಜ್ವರದಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಆಮೇಲೆ ನಮ್ಮ ಮನೆ ನಡೆಸಿದವಳು ಅಪ್ಪನ ಅಕ್ಕ. ಅವಳನ್ನು ನಾನು ಅತ್ಯಾ ಎನ್ನುತ್ತಿದ್ದೆ. ಅತ್ಯಾನ ಮಡಿ ಇಡೀ ಓಣಿಗೆ ಗೊತ್ತು. ಒದ್ದೆ ಸೀರೆಯಲ್ಲಿ ಅವಳು ಬಾವಿಯಿಂದ ಅಡುಗೆಮನೆಗೆ ಹೊರಟರೆ ಓಣಿಯ ನಾಯಿಯೂ ಎದ್ದು ದಾರಿ ಬಿಡುತ್ತಿತ್ತು.

ತಾಯಿಯಿಲ್ಲದ ಹುಡುಗಿಯ ಜಾತಕವನ್ನು ಯಾರೂ ಬೇಗ ಕೇಳಲಿಲ್ಲ. ಹೀಗಾಗಿ ನನ್ನ ಮದುವೆ ಆ ಕಾಲಕ್ಕೆ ತೀರ ತಡವಾಯಿತು. ಕಡೆಗೆ ಆ ವರ್ಷದ ವೈಶಾಖದಲ್ಲಿ ಬೆಳಗಾವಿಗೆ ಕೊಟ್ಟರು. ಹುಡುಗನಿಗೆ ಅನಗೋಳದಲ್ಲಿ ಮನೆ, ಕಚೇರಿಯಲ್ಲಿ ನೌಕರಿ. ಮದುವೆಯಾಗಿ ಜ್ಯೇಷ್ಠ ಕಳೆಯುತ್ತಲೇ ಆಷಾಢ ಬಂತೆಂದು ತವರಿನಲ್ಲಿ ಉಳಿದೆ. ಆಷಾಢ ಮುಗಿಯಿತು ಎನ್ನುವಷ್ಟರಲ್ಲಿ ಅಧಿಕ ಶ್ರಾವಣ ಬಂತು. ಅಧಿಕ ಮಾಸದಲ್ಲಿ ಶುಭಕಾರ್ಯವಿಲ್ಲ. ನನ್ನನ್ನು ಗಂಡನ ಮನೆ ತುಂಬಿಸುವುದು ದಸರೆಗೆ ಹೋಯಿತು. ಮನೆ ತುಂಬುವ ತನಕ ಗಂಡ ಹೆಂಡತಿ ಇಬ್ಬರೇ ನಿಂತು ಮಾತಾಡುವಂತಿಲ್ಲ ಎಂಬುದು ನಮ್ಮಲ್ಲಿ ಬಲು ಕಟ್ಟುನಿಟ್ಟು. ಯಾರಾದರೂ ನೋಡಿದರೆ ಹುಡುಗನಿಗೆ ಏನೂ ಅನ್ನುವುದಿಲ್ಲ, ಹುಡುಗಿಯನ್ನು ನಾಚಿಕೆಗೆಟ್ಟವಳು ಎನ್ನುತ್ತಾರೆ.

ಆದರೆ ಅಧಿಕ ಮಾಸದಲ್ಲಿ ಅಳಿಯನನ್ನು ಕರೆಯಲೇಬೇಕು. ಮೂವತ್ತಮೂರು ಅನಾರಸಗಳನ್ನು ಹಿತ್ತಾಳೆ ತಾಟಿನಲ್ಲಿ ಜೋಡಿಸಿ, ದೀಪ ಹಚ್ಚಿ ಅವನಿಗೆ ದಾನ ಕೊಡಬೇಕು. ಆ ಹೊತ್ತಿಗೆ ಅವನು ಸಾಕ್ಷಾತ್ ವಿಷ್ಣು. ಅತ್ಯಾ ಐದು ದಿನ ಮೊದಲೇ ಅಕ್ಕಿ ನೆನೆಹಾಕಿದಳು. ಖಾನಾಪುರದ ಮಳೆ ಕೇಳಬೇಕೆ? ಹಿತ್ತಲಿನ ನೀರೆಲ್ಲ ಹರಿದು ಬಾವಿಗಿಳಿದು ಬಾವಿಯ ನೀರು ಕೆಂಪಾಗಿತ್ತು. ಅದೇ ನೀರಿನಲ್ಲಿ ಅಕ್ಕಿ ನೆನೆಯಿತು. ಬಾವಿಯ ಈಚೆ ಮಾರು ದೂರದಲ್ಲಿ ಪಾಯಖಾನೆ ಇತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಡಿಯಲ್ಲಿ ಸೇದಿದ ನೀರು ಶುದ್ಧ, ಅಲ್ಲಿಗೆ ಮಾತು ಮುಗಿಯಿತು.

ನಮ್ಮವರು ದಾನದ ಹಿಂದಿನ ದಿನವೇ ಬಂದರು. ಮಧ್ಯಾಹ್ನ ಅಪ್ಪ ಡಿಪೋಗೆ ಹೋಗಿದ್ದರು. ಅತ್ಯಾನಿಗೆ ಬಾಜು ಮನೆಯ ಕೂಸು ಬಂದು ತಗುಲಿತೆಂದು ಅವಳು ಎರಡನೆಯ ಸಲ ಸ್ನಾನಕ್ಕೆ ನಡೆದಳು. ನನ್ನನ್ನು ಅಡುಗೆಮನೆಯ ಹೊರಗೆ ಕೂಡಿಸಿ, ಹಿಟ್ಟಿನ ಮೇಲೆ ನೊಣ ಕೂರದಂತೆ ನೋಡಿಕೋ, ಮುಟ್ಟಬೇಡ ಎಂದು ಹೇಳಿದ್ದಳು. ಕಾಲು ತೊಳೆಯಲು ಹಿತ್ತಲಿಗೆ ಬಂದ ಇವರು ಬಾಗಿಲಲ್ಲೇ ನಿಂತುಬಿಟ್ಟರು.

"ಅನಾರಸದ ಹಿಟ್ಟೇನದು?" ಎಂದರು.

ನಾನು ಹೌದೆಂದು ತಲೆ ಅಲ್ಲಾಡಿಸಿದೆ.

"ನಮ್ಮವ್ವ ಹಸಿ ಹಿಟ್ಟು ಮುಟ್ಟಗೊಡೂದಿಲ್ಲ. ಒಂದ ಉಂಡಿ ಕೊಡು."

"ಮಡೀದದರೀ. ಅತ್ಯಾ ನನ್ನ ಕೊಂದ ಹಾಕ್ತಾಳ."

"ನಿನ್ನ ಕೊಲ್ತಾಳ, ನನಗೇನ ಮಾಡ್ತಾಳ? ನಾ ವಿಷ್ಣು ಇದ್ದೀನಿ ಈಗ."

ನಕ್ಕುಬಿಟ್ಟೆ. ಮದುವೆಯಾಗಿ ಮೂರು ತಿಂಗಳಿಗೆ ಗಂಡನಾದವನು ನನ್ನೊಡನೆ ಆಡಿದ ಮೊದಲ ಮಾತುಗಳು ಇವು, ನಗದೆ ಏನು ಮಾಡಲಿ. ಕೈ ಹಾಕಿ ಹಿಟ್ಟು ತೆಗೆದೆ. ಬಿಗಿಯಾಗಿತ್ತು. ಮೆತ್ತಗಾಗಲೆಂದು ಬಾವಿ ನೀರಿನ ತಂಬಿಗೆಯಿಂದ ನಾಲ್ಕು ಹನಿ ಚಿಮುಕಿಸಿ, ನಾದಿ, ಉಂಡೆ ಮಾಡಿ ಕೊಟ್ಟೆ. ಅವರು ಅರ್ಧ ಮುರಿದು ನನಗೆ ಕೊಟ್ಟರು. ಇಬ್ಬರೂ ತಿಂದೆವು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಅವರು ಪಡಸಾಲೆಗೆ ಓಡಿದರು, ನಾನು ಹಿಟ್ಟಿನ ಮೇಲಿನ ಬೆರಳ ಗುರುತನ್ನು ಸವರಿ ಅಳಿಸಿದೆ.

ಮರುದಿನ ಅದೇ ಹಿಟ್ಟಿನ ಅನಾರಸಗಳನ್ನು ದೇವರಿಗೆ ತೋರಿಸಿ ಇವರಿಗೆ ದಾನ ಕೊಟ್ಟದ್ದಾಯಿತು. ಇವರು ಬೆಳಗಾವಿಗೆ ಹೋದರು. ಅದರ ಮರುದಿನ ನನಗೆ ಹೊಟ್ಟೆ ಕಡಿಯತೊಡಗಿತು. ಮಧ್ಯಾಹ್ನದೊಳಗೆ ಲೋಳೆ, ಸಂಜೆಗೆ ರಕ್ತ. ಮಡಿಯ ಹಿಟ್ಟು ಮುಟ್ಟಿದ್ದಕ್ಕೆ, ಮುಟ್ಟಿದ್ದನ್ನೇ ದೇವರಿಗೆ ಇಟ್ಟದ್ದಕ್ಕೆ ಶಿಕ್ಷೆ ಬಂತು ಎಂದು ನನಗೆ ಸಂದೇಹವೇ ಉಳಿಯಲಿಲ್ಲ. ಅತ್ಯಾನಿಗೆ ತಿಳಿದರೆ ಹಿಟ್ಟಿನ ಮಾತು ಬರುತ್ತದೆ, ಹಿಟ್ಟಿನ ಹಿಂದೆ ಹಿತ್ತಲ ಬಾಗಿಲಿನ ಮಾತು ಬರುತ್ತದೆ. ಹೀಗಾಗಿ ಬಟ್ಟೆ ಒಗೆಯುವ ನೆಪ ಮಾಡಿಕೊಂಡು ನಾಲ್ಕು ದಿನ ಹಿತ್ತಲಿನಲ್ಲೇ ಕಳೆದೆ. ಐದನೆಯ ದಿನ ತಾನಾಗಿ ನಿಂತಿತು. ದೇವರು ನನ್ನೊಬ್ಬಳಿಗೇ ಶಿಕ್ಷೆ ಕೊಟ್ಟು ಲೆಕ್ಕ ಮುಗಿಸಿದ ಎಂದುಕೊಂಡು ಗುಟ್ಟಾಗಿ ಕೈಮುಗಿದೆ.

ಮೂರು ವಾರ ಕಳೆದಿರಬೇಕು. ಬೆಳಗಾವಿಯಿಂದ ಮಾವನವರ ಕಾಗದ ಬಂತು. ಮಗನಿಗೆ ಎರಡೂ ಕಣ್ಣು ಕೆಂಪಾಗಿ ಬೆಳಕು ನೋಡಲಾಗದಂತಾಗಿದೆ, ಎಡ ಮೊಣಕಾಲು ಬಾತು ನೆಲಕ್ಕೆ ಊರಲು ಬರುವುದಿಲ್ಲ, ಮೈ ಬಿಸಿ ಇದೆ, ವೈದ್ಯರ ಔಷಧ ನಡೆದಿದೆ ಎಂದು ಬರೆದಿದ್ದರು. ಅಪ್ಪ ಅದನ್ನು ಜೋರಾಗಿ ಓದಿದರು. ಅಡುಗೆಮನೆಯಲ್ಲಿ ನಾನು ಸೌಟು ಹಿಡಿದೇ ಕೇಳಿದೆ. ಕಣ್ಣು ಬೇರೆ, ಕಾಲು ಬೇರೆ, ಹೊಟ್ಟೆಗೂ ಅವಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಣ್ಣು ಕಳೆಯುವವನೂ ಕಾಲು ಮುರಿಯುವವನೂ ದೇವರೇ ಅಲ್ಲವೇ. ಅವನು ಲೆಕ್ಕ ಮುಗಿಸಿರಲಿಲ್ಲ.

ಅದರ ಬೆನ್ನಿಗೇ ಬೆಳಗಾವಿಯ ನಮ್ಮ ದೂರದ ನೆಂಟರೊಬ್ಬರು ಬಂದರು. ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಓಣಿಯ ಅರ್ಧಕ್ಕೆ ಮಾತ್ರ ಕೇಳಿಸುತ್ತಿತ್ತು.

"ಮೂತ್ರಾ ಉರೀತದಂತ. ಕಣ್ಣು, ಮೊಣಕಾಲು, ಮೂತ್ರಾ, ಮೂರೂ ಕೂಡಿ ಬಂದಾವ. ವೈದ್ಯರು ಖರೇ ಹೆಸರ ಬಾಯಿ ಬಿಟ್ಟು ಹೇಳಿಲ್ಲ, ಆದ್ರ ತಿಳೀಬೇಕಾದವ್ರಿಗೆ ತಿಳದದ. ಕ್ಯಾಂಪ್ ಬಾಜೂಕಿನ ಗಲ್ಲಿ ಎಂಥಾದ್ದು ಅಂತ ನಿಮಗೇನ ಹೇಳೂದು. ಹುಡುಗೀನ ಕಳಸಬ್ಯಾಡ್ರಿ."

ಪಲ್ಟನ್ನು ಇರುವ ಕ್ಯಾಂಪಿನ ಪಕ್ಕ ಕೆಟ್ಟ ಹೆಂಗಸರ ಗಲ್ಲಿ, ಅವರ ಸಹವಾಸದಿಂದ ಬರುವ ರೋಗ ಎಂದು ಆ ಮಾತಿನ ಅರ್ಥ. ಅದು ಹೆಂಡತಿಗೂ ಹತ್ತುತ್ತದೆ, ಹುಟ್ಟುವ ಮಕ್ಕಳ ಕಣ್ಣಿಗೂ ಹತ್ತುತ್ತದೆ ಎಂದು ನಾನು ಬಾವಿಯ ಕಟ್ಟೆಯಲ್ಲಿ ಹೆಂಗಸರ ಬಾಯಿಂದ ಕೇಳಿದ್ದೆ. ಅಪ್ಪ ಮಸಿ ದೌತಿ, ಲೇಖನಿ ತರಲು ಹೇಳಿದರು. ನಾನೇ ತಂದುಕೊಟ್ಟೆ. ಮಾವನವರಿಗೆ ಏನು ಬರೆದರೋ ನನಗೆ ತೋರಿಸಲಿಲ್ಲ. ಕಾಗದ ಮಡಚುತ್ತ, "ದಸರಾಕ್ಕ ನೀ ಹೋಗೂದಿಲ್ಲ. ಆಮ್ಯಾಲೂ ಹೋಗೂದಿಲ್ಲ," ಎಂದರು.

ಆ ಕ್ಷಣವೇ ನಾನು ಬಾಯಿ ಬಿಡಬಹುದಿತ್ತು. ನನಗೂ ರಕ್ತ ಹೋಗಿತ್ತು, ನಾವಿಬ್ಬರೂ ಒಂದೇ ಉಂಡೆ ತಿಂದೆವು ಎಂದು ಹೇಳಿದ್ದರೆ ಯಾರಿಗಾದರೂ ಏನಾದರೂ ಹೊಳೆಯುತ್ತಿತ್ತೇನೋ. ಹೇಳಲಿಲ್ಲ. ಹನ್ನೆರಡು ದಿನ ಹೇಳಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊಣಕಾಲನ್ನು ಒತ್ತಿ ನೋಡಿಕೊಳ್ಳುತ್ತಿದ್ದೆ. ಬಾವಿಗೆ ಬಗ್ಗಿ ಕಣ್ಣು ಕೆಂಪಾಗಿದೆಯೇ ಎಂದು ನೋಡುತ್ತಿದ್ದೆ. ಆ ಕೆಂಪು ನೀರಿನಲ್ಲಿ ಯಾರ ಕಣ್ಣಾದರೂ ಕೆಂಪಾಗಿಯೇ ಕಂಡೀತು. ಊಟ ಸೇರದು. ಯಾರಾದರೂ ಬಾಗಿಲು ತಟ್ಟಿದರೆ ಬೆಳಗಾವಿಯಿಂದ ಸಾವಿನ ಸುದ್ದಿ ತಂದರೆಂದೇ ಜೀವ ಹಾರಿಹೋಗುತ್ತಿತ್ತು. ಅಷ್ಟೆಲ್ಲ ಹೆದರಿಕೆಯ ನಡುವೆಯೂ ಒಂದು ಹೆದರಿಕೆ ಎಲ್ಲಕ್ಕಿಂತ ಮೇಲಿತ್ತು: ಅತ್ಯಾನ ಮುಂದೆ, ಅಪ್ಪನ ಮುಂದೆ, ಓಣಿಯ ಮುಂದೆ ನಾನು ನಾಚಿಕೆಗೆಟ್ಟವಳಾಗುತ್ತೇನೆ ಎಂಬುದು. ಸುಳ್ಳೇಕೆ ಹೇಳಲಿ.

ಹನ್ನೆರಡನೆಯ ದಿನ ಮಾವನವರ ಇನ್ನೊಂದು ಕಾಗದ ಬಂತು. ಈಗ ಬಲಗಾಲಿನ ಹಿಮ್ಮಡಿಯೂ ಬಾತಿದೆ, ಒಂದು ಕಣ್ಣಿನ ದೃಷ್ಟಿ ಮಬ್ಬಾಗಿದೆ, ದೊಡ್ಡ ಡಾಕ್ಟರರನ್ನು ಕರೆಸುತ್ತಿದ್ದೇವೆ, ಸೊಸೆ ಒಮ್ಮೆ ಬಂದು ಮುಖ ತೋರಿಸಿ ಹೋಗಲಿ ಎಂದಿತ್ತು. ಅಪ್ಪ ಕಾಗದವನ್ನು ಹಾಗೇ ತೊಲೆಯ ಸಂದಿಗೆ ಸಿಕ್ಕಿಸಿದರು. ನಾನು ಅಡುಗೆಮನೆಗೆ ಹೋಗಿ, ಮಡಿಯಲ್ಲಿದ್ದ ಅತ್ಯಾನ ಕಾಲು ಹಿಡಿದುಕೊಂಡೆ. ಮೈಲಿಗೆಯಾಯಿತೆಂದು ಅವಳು ಚೀರಿದಳು. ನಾನು ಬಿಡಲಿಲ್ಲ.

"ಅತ್ಯಾ, ನಾ ಮಡೀ ಹಿಟ್ಟು ಮುಟ್ಟಿದ್ದೆ. ಅವರಿಗೆ ಕೊಟ್ಟಿದ್ದೆ. ಅದಕ್ಕ ಹಿಂಗಾತು."

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದ್ದೆ. ಹೊಡೆಯಲಿಲ್ಲ. ಒಲೆಯ ಮುಂದೆ ಕುಸಿದು ಕೂತಳು. ಅವಳ ಮುಖದಲ್ಲಿ ನನಗಿಂತ ಹೆಚ್ಚು ಹೆದರಿಕೆ ಕಂಡೆ. ಆ ಅನಾರಸಗಳನ್ನು ದೇವರ ಮುಂದೆ ಇಟ್ಟವಳು ಅವಳೇ ಅಲ್ಲವೇ.

"ಯಾರ ಮುಂದೂ ಉಸರಬ್ಯಾಡ," ಎಂದಳು. ಆಮೇಲೆ ಎದ್ದು ಪಡಸಾಲೆಗೆ ಹೋದಳು. ತಮ್ಮನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. "ಹುಡುಗೀನ ಕರಕೊಂಡ ಹೋಗು. ರೋಗ ಎಂಥಾದ್ದರೆ ಇರಲಿ, ತಾಳಿ ಕಟ್ಟಿದಾಂವ ಅದಾನ. ಇಕೀ ಮಾರಿ ನೋಡದ ಅಂವಗ ಏನರೆ ಆದ್ರ, ಆ ಪಾಪ ನನ್ನಿಂದ ಹೊರಾಕ ಆಗೂದಿಲ್ಲ," ಎಂದಳು.

ಮರುದಿನ ಬೆಳಿಗ್ಗೆ ಮೋಟಾರಿನಲ್ಲಿ ಹೊರಟೆವು. ಅಪ್ಪ ದಾರಿಯಲ್ಲಿ ಒಂದೇ ಮಾತು ಆಡಿದರು, "ದೂರ ಕೂಡು, ಏನೂ ಮುಟ್ಟಬ್ಯಾಡ, ನೀರೂ ಕುಡೀಬ್ಯಾಡ." ಬೆಳಗಾವಿ ಹತ್ತಿರದ ಪೀರನವಾಡಿ ದಾಟಿದ ಮೇಲೆ ನನ್ನ ಹಲ್ಲು ಕಟಕಟ ಬಡಿಯತೊಡಗಿದವು. ಮಳೆಗಾಳಿಯ ಚಳಿ ಎಂದು ಅಪ್ಪ ತಮ್ಮ ಶಾಲು ಹೊದಿಸಿದರು.

ಅನಗೋಳದ ಮನೆ ಸಣ್ಣದು. ಪಡಸಾಲೆ, ಅದಕ್ಕೆ ಹತ್ತಿ ಅಡುಗೆಮನೆ, ನಡುವೆ ಒಂದು ಬಾಗಿಲು. ನಾವು ಹೋದಾಗ ಡಾಕ್ಟರರು ಬಂದಿದ್ದರು. ವಯಸ್ಸಾದವರು, ಯುದ್ಧದ ಕಾಲಕ್ಕೆ ಪಲ್ಟನ್ನಿನ ಆಸ್ಪತ್ರೆಯಲ್ಲಿದ್ದು, ಈಗ ಕ್ಯಾಂಪಿನಲ್ಲಿ ಮನೆ ಮಾಡಿಕೊಂಡಿದ್ದವರು. ಹೆಂಗಸರನ್ನು ಅಡುಗೆಮನೆಗೆ ಕಳಿಸಿದರು. ಅತ್ತೆ ಒಳಗೆ ಸೆರಗು ಬಾಯಿಗೊತ್ತಿ ನಿಂತಿದ್ದರು, ನನ್ನತ್ತ ನೋಡಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡಿದೆ. ಹಿತ್ತಲ ಬಾಗಿಲಲ್ಲಿ ನಿಂತು ನಾನು ವಿಷ್ಣು ಎಂದವರು ಇವರೇ ಎಂದು ನಂಬಲಾಗಲಿಲ್ಲ. ಗಲ್ಲ ಒಳಗೆ ಹೋಗಿತ್ತು. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಮೊಣಕಾಲು ತೊಡೆಗಿಂತ ದಪ್ಪವಾಗಿತ್ತು. ಡಾಕ್ಟರರು ಅದನ್ನು ಬೆರಳಿನಿಂದ ಮುಟ್ಟಿದ್ದಷ್ಟೇ, ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ಖರೇ ಹೇಳ್ರಿ," ಎಂದರು ಡಾಕ್ಟರರು. "ಬ್ಯಾರೆ ಹೆಂಗಸರ ಕಡೆ ಹೋಗೀರೇನು?"

"ಇಲ್ಲ."

"ಎಲ್ಲಾರೂ ಇಲ್ಲಂತನ ಹೇಳ್ತಾರ. ಇರಲಿ. ಇನ್ನೊಂದ ಕೇಳ್ತೀನಿ. ಕಣ್ಣು ಬರೂಕಿಂತ ಮೊದಲ, ಎರಡ ಮೂರ ವಾರದ ಹಿಂದ, ಹೊಟ್ಟಿ ಕಡದು ರಕ್ತ ಹೋಗಿತ್ತೇನು?"

ಇವರು ಕಣ್ಣ ಮೇಲಿನ ಬಟ್ಟೆಯನ್ನು ಒತ್ತಿಕೊಂಡರು.

"ಇಲ್ಲ," ಎಂದರು.

"ನೆನಪ ಮಾಡಿಕೋರಿ. ಎಲ್ಲೆರೆ ಹೊರಗ ಏನರೆ ತಿಂದಿದ್ರೇನು?"

"ಇಲ್ಲರೀ."

ಡಾಕ್ಟರರು ಚೀಲ ಮುಚ್ಚಿದರು. ಮಾವನವರ ಕಡೆ ತಿರುಗಿ, "ಹಂಗಿದ್ರ ಜನಾ ಅನ್ನೂದ ಖರೇ ಅದ. ನಾಳೆ ದವಾಖಾನಿಗೆ ಕರಕೊಂಡ ಬರ್ರಿ. ಆ ರೋಗದ್ದು ಸೂಜಿ ಮದ್ದು ಬಹಳ ಕಠಿಣ, ತಡಕೋಬೇಕು. ತಡಕೊಂಡ್ರೂ ಕಾಲಿಂದು ನಾ ಹೇಳಲಾರೆ," ಎಂದರು. ಮಾವನವರು ನೆಲ ನೋಡುತ್ತ ನಿಂತರು. ನಮ್ಮ ಅಪ್ಪ ಮೇಲೆದ್ದು ಚಪ್ಪಲಿ ಹುಡುಕತೊಡಗಿದರು.

ನನಗೆ ಆಗ ಧೈರ್ಯ ಬಂತೆಂದು ಯಾರೂ ತಿಳಿಯಬಾರದು. ಅಂಥದ್ದೇನೂ ಬರಲಿಲ್ಲ. ಹೆದರಿಕೆಯಲ್ಲೇ ಕಾಲು ಹೊಸಲು ದಾಟಿದವು. ಅಷ್ಟು ಜನ ಗಂಡಸರ ನಡುವೆ, ಸೆರಗು ಎಲ್ಲಿದೆಯೋ ಗೊತ್ತಿಲ್ಲದೆ ನಿಂತೆ.

"ನನಗ ಹೋಗಿತ್ತು," ಎಂದೆ. "ನನಗ ನಾಕ ದಿನಾ ರಕ್ತ ಹೋಗಿತ್ತು. ಇಬ್ಬರೂ ಒಂದ ಉಂಡಿ ತಿಂದೀವಿ. ಅನಾರಸದ ಹಸಿ ಹಿಟ್ಟು. ನಾನ ಕೊಟ್ಟೆ, ಬಾವೀ ನೀರು ಹಾಕಿ ಕಲಸಿ ಕೊಟ್ಟೆ."

ಡಾಕ್ಟರರು ಮತ್ತೆ ಕೂತರು. ಇವರ ಕಡೆಗೆ ಬಗ್ಗಿ, "ಈಗ ಹೇಳ್ರಿ," ಎಂದರು. ಇವರು ಕಣ್ಣ ಮೇಲಿನ ಬಟ್ಟೆ ತೆಗೆಯದೆಯೇ, ನನಗೂ ಐದಾರು ದಿನ ಹಾಗೇ ಆಗಿತ್ತು, ಬೆಳಿಗ್ಗೆ ತಂಬಿಗೆ ಹಿಡಿದು ಹೊಲದ ಕಡೆ ಹೋಗಿ ಕಚೇರಿಯ ವೇಳೆಗೆ ಬರುತ್ತಿದ್ದೆ, ಮನೆಯಲ್ಲಿ ತಿಳಿಸಲಿಲ್ಲ ಎಂದು ಹೇಳಿದರು.

"ಯುದ್ಧದ ವ್ಯಾಳೇಕ ಬಸ್ರಾದಾಗ ಇಂಥಾ ಸಿಪಾಯಿಗೋಳ್ನ ನೋಡೀನಿ," ಎಂದರು ಡಾಕ್ಟರರು. "ಮೊದಲ ಹೊಟ್ಟಿ. ಅದು ನೆಟ್ಟಗಾಗಿ ಎಲ್ಲಾ ಮುಗೀತು ಅನ್ನೂದ್ರಾಗ ಕಣ್ಣು, ಮೂತ್ರಾ, ಮೊಣಕಾಲು. ಅವರ ಮ್ಯಾಲೂ ಇದೇ ಅಪವಾದ ಹೊರಿಸಿದ್ರು. ಇದು ಆ ರೋಗಲ್ಲ. ಹೊಟ್ಟ್ಯಾಗಿನ ಕ್ರಿಮಿ ಹೋದ ಮ್ಯಾಲೆ ಕೀಲಿಗೆ ಯಾಕ ಬರ್ತದ ಅಂತ ಕೇಳಬ್ಯಾಡ್ರಿ, ನನಗ ಗೊತ್ತಿಲ್ಲ. ಈಕೀಗೆ ಬರಲಿಲ್ಲ, ಇವರಿಗೆ ಬಂತು. ಎಲ್ಲಾರ ಮೈ ಒಂದ ಥರಾ ಇರೂದಿಲ್ಲ."

ಅತ್ತೆ ಒಳಗಿನಿಂದ, "ನೆಟ್ಟಗ ಆಗ್ತದೇನ್ರೀ?" ಎಂದು ಕೇಳಿದರು.

"ಈಗಿಂದು ಆರ ತಿಂಗಳದಾಗ ಇಳೀತದ. ತಿರುಗಿ ಬರೂದಿಲ್ಲ ಅಂತ ಮಾತ್ರ ನಾ ಮಾತ ಕೊಡೂದಿಲ್ಲ."

ವಾಪಸು ಬರುವಾಗ ಅಪ್ಪ ನನ್ನನ್ನು ಬೈಯುತ್ತಾರೆಂದು ಕಾದೆ. ಖಾನಾಪುರದ ಹತ್ತಿರ ಬಂದಾಗ, "ಮೊದಲ ದಿನಾನ ಹೇಳಿದ್ದಿದ್ರ ನಾ ಆ ಕಾಗದಾ ಬರೀತಿದ್ದಿಲ್ಲ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ಕಾಗದವನ್ನು ಮಾವನವರು ಮಗನಿಗೆ ಓದಿ ಹೇಳಿದ್ದರೆಂದು ನನಗೆ ಆಮೇಲೆ ತಿಳಿಯಿತು. ಕಣ್ಣು ಕಾಣದ ಮಗ, ತಾನೇ ಓದುವಂತಿರಲಿಲ್ಲ.

ದಸರೆಗೆ ಆಗಲಿಲ್ಲ, ಫಾಲ್ಗುಣದಲ್ಲಿ ನನ್ನನ್ನು ಮನೆ ತುಂಬಿಸಿಕೊಂಡರು. ಇವರು ಕೋಲು ಹಿಡಿದು ಹೊಸಲಿನವರೆಗೆ ಬಂದರು. ಡಾಕ್ಟರರು ಮಾತು ಕೊಡದೆ ಇದ್ದದ್ದು ಸರಿಯಾಯಿತು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ಕಣ್ಣು ಕೆಂಪಾಗುತ್ತಿತ್ತು, ಮೊಣಕಾಲು ಬಾಯುತ್ತಿತ್ತು. ಅವರ ವಯಸ್ಸಿನ ನಲವತ್ತರ ಸುಮಾರಿಗೆ ಬೆನ್ನು ಬಿಗಿಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಅರ್ಧ ತಾಸು ಬೇಕು, ಸಾಕ್ಸು ನಾನೇ ಹಾಕಬೇಕು. ಎಡಗಣ್ಣು ಪೂರ್ತಿ ಹೋಯಿತು. ಒಂದು ಮಧ್ಯಾಹ್ನ ತಿಂದ ಅರ್ಧ ಉಂಡೆ, ಐದು ದಿನದ ಹೊಟ್ಟೆ ಬೇನೆ, ಒಂದು ಜೀವಮಾನ. ನಾನು ಕುದಿಸದ ನೀರನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಮಕ್ಕಳಿಗೆ ಒಂದು ಸಲ ಹೊಟ್ಟೆ ಕೆಟ್ಟರೆ ನಲವತ್ತು ದಿನ ಅವರ ಕಣ್ಣನ್ನೂ ಮೊಣಕಾಲನ್ನೂ ನೋಡುತ್ತಿದ್ದೆ. ಓಣಿಯವರು ನಗುತ್ತಿದ್ದರು, ನಗಲಿ.

ಮನೆ ತುಂಬಿದ ಮೇಲೆ ಒಂದು ದಿನ, ಕಾಲಿಗೆ ಎಣ್ಣೆ ಹಚ್ಚುತ್ತ ಕೇಳಿದೆ, "ಡಾಕ್ಟರು ಎರಡೆರಡ ಸಲ ಕೇಳಿದ್ರೂ ಯಾಕ ಇಲ್ಲಂದ್ರಿ? ಜನಾ ಅಷ್ಟ ಹೊಲಸ ಮಾತಾಡ್ಲಿಕತ್ತಿದ್ರು."

"ನನಗ ಅಂದ್ರ ಅನ್ನಲಿ ಬಿಡು," ಎಂದರು. "ಹೌದಂದಿದ್ರ ಯಾರ ಕೊಟ್ರು, ಎಲ್ಲಿ ಕೊಟ್ರು ಅಂತ ಕೇಳ್ತಿದ್ರು. ಮನಿ ತುಂಬೂ ಮೊದಲ ನಿನ್ನ ಹೆಸರ ಕೆಡತಿತ್ತು."

ಅವರು ಅಷ್ಟೇ ಹೇಳಿದರು, ಕಾಲು ಇನ್ನಷ್ಟು ಮುಂದೆ ಚಾಚಿದರು. ಆ ಹನ್ನೆರಡು ದಿನ ನೀನು ಯಾರಿಗಾಗಿ ಬಾಯಿ ಮುಚ್ಚಿಕೊಂಡಿದ್ದೆ ಎಂದು ಈಗ ಕೇಳುತ್ತಾರೆ ಎಂದು ನನ್ನ ಕೈ ನಿಂತುಹೋಯಿತು. ಕೇಳಲಿಲ್ಲ. ಮರುದಿನ ಕೇಳಬಹುದು ಎಂದುಕೊಂಡೆ. ಅವರ ಜೊತೆ ಮೂವತ್ತೊಂದು ವರ್ಷ ಬಾಳಿದೆ. ಅವರಿಗೆ ಕಣ್ಣು ಕೆಂಪಾದಾಗಲೆಲ್ಲ, ಬೆನ್ನು ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿದಾಗಲೆಲ್ಲ, ಇವತ್ತು ಕೇಳುತ್ತಾರೆ ಎಂದು ಹೆದರಿದೆ. ಅವರು ಕೇಳದೆಯೇ ಹೋದರು.